ಹತ್ತು ದಿನದ ಹಿಂದಿನ ಗುಳಿಗೆ

ಇಮ್ಯೂನ್ ಥ್ರಾಂಬೊಸೈಟೊಪೀನಿಯಾ ಇರುವವರ ಪ್ಲೇಟ್‌ಲೆಟ್ ಲೆಕ್ಕವನ್ನು ಆ್ಯಂಟಿಬಯಾಟಿಕ್ ಏರಿಸಲೂಬಹುದು, ಇಳಿಸಲೂಬಹುದು, ಅದರ ತಂಟೆಗೇ ಹೋಗದಿರಲೂಬಹುದು. ಹೆಚ್ಚಾಗಿ ಆಗುವುದು ಮೂರನೆಯದು. ಆದರೆ ಮೊದಲ ಎರಡರಲ್ಲಿ ಯಾವುದು ನಡೆದರೂ ಚಿಕಿತ್ಸೆಯ ದಾರಿಯೇ ಬೇರೆಯಾಗುತ್ತದೆ. ಹಾಗಾಗಿ ಲೆಕ್ಕ ಎಷ್ಟಿದೆ ಎಂಬುದರಷ್ಟೇ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ: ಯಾವ ಗುಳಿಗೆ, ಯಾವ ತಾರೀಖಿನಿಂದ?

ಪ್ಲೇಟ್‌ಲೆಟ್ ಎಂಬ ಮಾತು ಹಾವೇರಿ ಸೀಮೆಯ ಮನೆಮನೆಗೆ ಬಂದದ್ದು ಡೆಂಗಿ ಜ್ವರದ ಜೊತೆ. ಬಹಳ ಮಂದಿ ಅದನ್ನು ‘ಬಿಳಿ ರಕ್ತಕಣ’ ಎಂದೇ ಕರೆಯುತ್ತಾರೆ. ಅದು ತಪ್ಪು. ಬಿಳಿ ರಕ್ತಕಣ ಸೋಂಕಿನ ವಿರುದ್ಧ ಹೋರಾಡುವ ಜೀವಕೋಶ. ಪ್ಲೇಟ್‌ಲೆಟ್, ಪಠ್ಯಪುಸ್ತಕದ ಕನ್ನಡದಲ್ಲಿ ಕಿರುತಟ್ಟೆ, ಎಲುಬಿನೊಳಗಿನ ಮಜ್ಜೆಯಲ್ಲಿರುವ ದೈತ್ಯ ಕೋಶಗಳಿಂದ ಉದುರುವ ಚೂರು. ರಕ್ತನಾಳಕ್ಕೆ ಗಾಯವಾದಾಗ ಅಲ್ಲಿ ಒಂದಕ್ಕೊಂದು ಅಂಟಿಕೊಂಡು ತೂತು ಮುಚ್ಚುವುದು ಅದರ ಕೆಲಸ. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಇದ್ದರೆ ಸರಿ. ಪ್ರತಿಯೊಂದರ ಆಯಸ್ಸು 8ರಿಂದ 10 ದಿನ. ಮಜ್ಜೆ ದಿನವೂ ಹೊಸದನ್ನು ಕಳಿಸುತ್ತದೆ, ಹೊಟ್ಟೆಯ ಎಡಮೇಲ್ಭಾಗದಲ್ಲಿರುವ ಗುಲ್ಮ ಹಳೆಯದನ್ನು ಹಿಡಿದು ತೆಗೆಯುತ್ತದೆ.

ವೈದ್ಯರು ಚುಟುಕಾಗಿ ಐಟಿಪಿ ಎನ್ನುವ ಇಮ್ಯೂನ್ ಥ್ರಾಂಬೊಸೈಟೊಪೀನಿಯಾದಲ್ಲಿ ಕೆಡುವುದು ಈ ಲೇವಾದೇವಿಯೇ. ದೇಹದ ರೋಗನಿರೋಧಕ ವ್ಯವಸ್ಥೆ ತನ್ನದೇ ಪ್ಲೇಟ್‌ಲೆಟ್‌ಗಳನ್ನು ಪರಕೀಯವೆಂದು ಬಗೆದು ಅವುಗಳ ಮೈಗೆ ಪ್ರತಿಕಾಯಗಳನ್ನು ಅಂಟಿಸುತ್ತದೆ. ಹಾಗೆ ಗುರುತು ಬಿದ್ದ ಪ್ಲೇಟ್‌ಲೆಟ್ ಗುಲ್ಮದ ಕೈಗೆ ಸಿಕ್ಕಿ ಹತ್ತು ದಿನ ಬದುಕುವ ಬದಲು ಗಂಟೆಗಳಲ್ಲೋ ಒಂದೆರಡು ದಿನಗಳಲ್ಲೋ ಮುಗಿದುಹೋಗುತ್ತದೆ. ಲೆಕ್ಕ ಒಂದು ಲಕ್ಷಕ್ಕಿಂತ ಕೆಳಗಿಳಿದು, ಬೇರೆ ಯಾವ ಕಾರಣವೂ ಸಿಗದಿದ್ದಾಗ ಈ ಹೆಸರು ಕೊಡುತ್ತಾರೆ. ಮೊಣಕಾಲ ಕೆಳಗೆ ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕೆಗಳು ಏಳುತ್ತವೆ. ಗಾಜಿನ ಲೋಟ ಒತ್ತಿ ನೋಡಿದರೂ ಅವು ಮಾಸುವುದಿಲ್ಲ. ಹಲ್ಲುಜ್ಜಿದಾಗ ವಸಡಿನಲ್ಲಿ ರಕ್ತ, ಬಳೆ ತಾಗಿದಲ್ಲಿ ನೀಲಿ ಕಲೆ, ಹೆಂಗಸರಿಗೆ ಮುಟ್ಟಿನ ದಿನಗಳಲ್ಲಿ ವಿಪರೀತ ಸ್ರಾವ. ಜರ್ಮನಿಯ ವೈದ್ಯ ಪಾಲ್ ವೆರ್ಲ್‌ಹಾಫ್ 1735ರಷ್ಟು ಹಿಂದೆಯೇ ಇದನ್ನು ವಿವರಿಸಿದ್ದರು. ದೋಷ ರಕ್ತದ ದ್ರವದಲ್ಲೇ ಇದೆ ಎಂದು ತೋರಿಸಲು ಅಮೆರಿಕದ ವಿಲಿಯಂ ಹ್ಯಾರಿಂಗ್ಟನ್ 1950ರಲ್ಲಿ ರೋಗಿಯೊಬ್ಬರ ರಕ್ತವನ್ನು ತನಗೇ ಹಾಕಿಸಿಕೊಂಡರು. ಕೆಲವೇ ಗಂಟೆಗಳಲ್ಲಿ ಅವರ ಪ್ಲೇಟ್‌ಲೆಟ್ ಪಾತಾಳಕ್ಕಿಳಿಯಿತು, ಪ್ರಾಣಕ್ಕೇ ಸಂಚಕಾರ ಬಂದಿತ್ತು. ಕೆಲವು ದಿನಗಳಲ್ಲಿ ಚೇತರಿಸಿಕೊಂಡರು. ಇಂದು ಯಾವ ನೈತಿಕ ಸಮಿತಿಯೂ ಒಪ್ಪದ ಪ್ರಯೋಗ ಅದು.

ಯುರೋಪಿನ ಲೆಕ್ಕದಲ್ಲಿ ಇದು ವರ್ಷಕ್ಕೆ ಲಕ್ಷ ಜನರಲ್ಲಿ ಎರಡರಿಂದ ನಾಲ್ವರಿಗೆ ಹೊಸದಾಗಿ ಬರುತ್ತದೆ. 2011ರ ಜನಗಣತಿಯಂತೆ ಹಾವೇರಿ ಜಿಲ್ಲೆಯಲ್ಲಿ ಸುಮಾರು 16 ಲಕ್ಷ ಜನ. ಅದೇ ಪ್ರಮಾಣ ಇಲ್ಲಿಗೂ ಹೊಂದುವುದಾದರೆ ವರ್ಷಕ್ಕೆ 30ರಿಂದ 60 ಹೊಸ ರೋಗಿಗಳು. ಡೆಂಗಿಯ ಮುಂದೆ ಇದು ಏನೂ ಅಲ್ಲ. ತೊಂದರೆ ಇರುವುದೂ ಅಲ್ಲೇ: ಪ್ಲೇಟ್‌ಲೆಟ್ ಇಳಿದಿದೆ ಎಂದೊಡನೆ ಎಲ್ಲರಿಗೂ ಡೆಂಗಿಯೇ ನೆನಪಾಗುತ್ತದೆ, ಪಪ್ಪಾಯಿ ಎಲೆಯ ರಸ ಮನೆಗೆ ಬರುತ್ತದೆ. ಡೆಂಗಿಯಲ್ಲಿ ಇಳಿದ ಲೆಕ್ಕ ಜ್ವರ ಬಿಟ್ಟ ಕೆಲವು ದಿನಗಳಲ್ಲಿ ತಾನಾಗಿಯೇ ಏರುತ್ತದೆ. ಐಟಿಪಿಯಲ್ಲಿ ಜ್ವರವೇ ಇರುವುದಿಲ್ಲ, ಮನುಷ್ಯ ಗಟ್ಟಿಮುಟ್ಟಾಗಿಯೇ ಓಡಾಡುತ್ತಿರುತ್ತಾನೆ, ಲೆಕ್ಕ ಮಾತ್ರ 15,000ದಲ್ಲಿ ಕೂತಿರುತ್ತದೆ.

ಆ ಸಂಖ್ಯೆಯನ್ನೂ ಒಮ್ಮೆ ಅನುಮಾನಿಸಬೇಕು. ರಕ್ತ ತೆಗೆದು ನೇರಳೆ ಮುಚ್ಚಳದ ಟ್ಯೂಬಿಗೆ ಹಾಕುತ್ತಾರಲ್ಲ, ಅದರೊಳಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಎಂಬ ರಾಸಾಯನಿಕ ಇರುತ್ತದೆ. ಕೆಲವರ ಪ್ಲೇಟ್‌ಲೆಟ್‌ಗಳು ಅದರ ಸಹವಾಸಕ್ಕೆ ಗೊಂಚಲು ಗೊಂಚಲಾಗಿ ಅಂಟಿಕೊಳ್ಳುತ್ತವೆ. ಯಂತ್ರಕ್ಕೆ ಗೊಂಚಲು ಎಣಿಸಲು ಬಾರದು. ನಿಜಕ್ಕೂ ಎರಡು ಲಕ್ಷ ಇದ್ದವರ ಕಾಗದದ ಮೇಲೆ ನಲವತ್ತು ಸಾವಿರ ಎಂದು ಅಚ್ಚಾಗುತ್ತದೆ. ಗಾಜಿನ ಪಟ್ಟಿಯ ಮೇಲೆ ಒಂದು ಹನಿ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಇಲ್ಲವೇ ಸಿಟ್ರೇಟ್ ಇರುವ ನೀಲಿ ಮುಚ್ಚಳದ ಟ್ಯೂಬಿನಲ್ಲಿ ಮತ್ತೆ ರಕ್ತ ತೆಗೆದರೆ ಗುಟ್ಟು ರಟ್ಟಾಗುತ್ತದೆ. ಆ್ಯಂಟಿಬಯಾಟಿಕ್ ಮೇಲೆ ಆಪಾದನೆ ಹೊರಿಸುವ ಮುನ್ನ ಮಾಡಬೇಕಾದ ಅಗ್ಗದ ಕೆಲಸ ಇದು.

ಎರಡನೆಯ ಗೊಂದಲ ಸೋಂಕಿನದು. ಆ್ಯಂಟಿಬಯಾಟಿಕ್ ಅನ್ನು ಯಾರೂ ಸುಮ್ಮನೆ ನುಂಗುವುದಿಲ್ಲ. ಜ್ವರವೋ ಕೆಮ್ಮೋ ಉರಿಮೂತ್ರವೋ ಇದ್ದದ್ದರಿಂದಲೇ ನುಂಗಿರುತ್ತಾರೆ. ಆ ಸೋಂಕೇ ಪ್ಲೇಟ್‌ಲೆಟ್ ಇಳಿಸಬಲ್ಲದು. ಟೈಫಾಯ್ಡ್, ಗದ್ದೆಯ ನೀರಿನಿಂದ ಬರುವ ಇಲಿ ಜ್ವರ, ಪೊದೆಯ ಹುಳ ಕಚ್ಚಿ ಬರುವ ಸ್ಕ್ರಬ್ ಟೈಫಸ್ ಮೂರೂ ಬ್ಯಾಕ್ಟೀರಿಯಾದವು, ಮೂರರಲ್ಲೂ ಲೆಕ್ಕ ಕುಸಿಯಬಹುದು. ಸ್ಕ್ರಬ್ ಟೈಫಸ್‌ಗೆ ಡಾಕ್ಸಿಸೈಕ್ಲಿನ್ ಕೊಟ್ಟರೆ ಒಂದೆರಡು ದಿನದಲ್ಲೇ ಜ್ವರ ಇಳಿದು, ಹಿಂದೆಯೇ ಪ್ಲೇಟ್‌ಲೆಟ್ ಏರುತ್ತದೆ. ಇಲ್ಲಿ ಔಷಧ ಪ್ಲೇಟ್‌ಲೆಟ್ಟಿಗೆ ಏನೂ ಮಾಡಲಿಲ್ಲ, ಕಳ್ಳನನ್ನು ಹಿಡಿಯಿತು ಅಷ್ಟೆ. ಮೊದಲೇ ಐಟಿಪಿ ಇದ್ದವರಿಗೆ ಸಣ್ಣ ನೆಗಡಿ ಬಂದರೂ ಲೆಕ್ಕ ಕೆಲದಿನ ಕುಗ್ಗುವುದುಂಟು.

ಮಕ್ಕಳಲ್ಲಿ ಈ ಗೊಂದಲ ಇನ್ನೂ ದಟ್ಟ. ಮಗುವಿಗೆ ನೆಗಡಿ, ಜ್ವರ ಬರುತ್ತದೆ; ಅಮಾಕ್ಸಿಸಿಲಿನ್ ಸಿರಪ್ಪು ಕುಡಿಸುತ್ತಾರೆ; ಜ್ವರ ಹೋಗುತ್ತದೆ; ಎರಡು ವಾರ ಕಳೆದು ಸ್ನಾನ ಮಾಡಿಸುವಾಗ ಅವ್ವನ ಕಣ್ಣಿಗೆ ಬೆನ್ನು, ತೊಡೆಯ ಮೇಲಿನ ಚುಕ್ಕೆಗಳು ಬೀಳುತ್ತವೆ. ಸಿರಪ್ಪಿನ ಮೇಲೆ ಅನುಮಾನ ಬರುವುದು ಸಹಜ. ಆದರೆ ಮಕ್ಕಳ ಐಟಿಪಿ ಸಾಮಾನ್ಯವಾಗಿ ವೈರಸ್ ಸೋಂಕಿನ ಬೆನ್ನಿಗೇ ಬರುವ ಕಾಯಿಲೆ; ಮೊದಲು ಬಂದ ನೆಗಡಿಯೇ ಬಹುತೇಕ ಅಪರಾಧಿ. ಇಂಥ ಮಕ್ಕಳಲ್ಲಿ ಹೆಚ್ಚಿನವರು ಆರು ತಿಂಗಳು, ವರ್ಷದೊಳಗೆ ತಾವೇ ಸರಿಹೋಗುತ್ತಾರೆ. ದೊಡ್ಡವರಲ್ಲಿ ಅದು ಗಂಟುಬೀಳುವುದು ಹೆಚ್ಚು. ಹನ್ನೆರಡು ತಿಂಗಳು ದಾಟಿದರೆ ದೀರ್ಘಕಾಲದ್ದು ಎನ್ನುತ್ತಾರೆ.

ಇನ್ನು ಆ್ಯಂಟಿಬಯಾಟಿಕ್‌ನಿಂದಲೇ ಐಟಿಪಿ ಹತೋಟಿಗೆ ಬರುವ ಪ್ರಸಂಗ. ಈ ಕಥೆ ಹೊಟ್ಟೆಯಿಂದ ಶುರುವಾಗುತ್ತದೆ. ಹೊಟ್ಟೆಹುಣ್ಣಿಗೆ ಖಾರವೇ ಕಾರಣ ಎಂದು ನಂಬಿದ ಕಾಲ ಒಂದಿತ್ತು, ಅದು ಇನ್ನೂ ಪೂರ್ತಿ ಮುಗಿದಿಲ್ಲ. ಬ್ಯಾಡಗಿಯ ಮಾರುಕಟ್ಟೆಯಲ್ಲಿ ಕೆಂಪು ಹಾಸಿದಂತೆ ರಾಶಿ ಬೀಳುವ ಮೆಣಸಿನಕಾಯಿ ಈ ಅಪವಾದ ಹೊರಬೇಕಾದದ್ದೇ ಅಲ್ಲ.  ಹುಣ್ಣಿನ ನಿಜವಾದ ಕಾರಣಗಳಲ್ಲಿ ದೊಡ್ಡದು ಹೆಲಿಕೊಬ್ಯಾಕ್ಟರ್ ಪೈಲೊರಿ ಎಂಬ ಸುರುಳಿ ಆಕಾರದ ಬ್ಯಾಕ್ಟೀರಿಯಾ. ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ 1982ರಲ್ಲಿ ಅದನ್ನು ಬೆಳೆಸಿ ತೋರಿಸಿದರು. ಯಾರೂ ನಂಬದಿದ್ದಾಗ ಮಾರ್ಷಲ್ 1984ರಲ್ಲಿ ಅದನ್ನು ಕುಡಿದು ಜಠರದ ಉರಿಯೂತ ತಂದುಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಈ ಬ್ಯಾಕ್ಟೀರಿಯಾಕ್ಕೂ ಪ್ಲೇಟ್‌ಲೆಟ್ಟಿಗೂ ನಂಟು ಕಾಣಿಸಿದ್ದು 1998ರಲ್ಲಿ, ಇಟಲಿಯಲ್ಲಿ. ಐಟಿಪಿ ಇದ್ದವರ ಹೊಟ್ಟೆಯಿಂದ ಪೈಲೊರಿಯನ್ನು ಆ್ಯಂಟಿಬಯಾಟಿಕ್ ಕೊಟ್ಟು ತೊಲಗಿಸಿದಾಗ ಹಲವರ ಪ್ಲೇಟ್‌ಲೆಟ್ ಏರಿತು. ಗ್ಯಾಸ್‌ಬರ‍್ರೀನಿ ಮತ್ತು ಸಂಗಡಿಗರ ಆ ಚಿಕ್ಕ ವರದಿಯ ನಂತರ ಹಲವು ದೇಶಗಳವರು ಇದೇ ಪ್ರಯೋಗ ಮಾಡಿದರು. 2009ರಲ್ಲಿ 25 ಅಧ್ಯಯನಗಳ 696 ರೋಗಿಗಳ ಫಲಿತಾಂಶವನ್ನು ಒಟ್ಟುಗೂಡಿಸಿ ನೋಡಿದಾಗ ಸುಮಾರು ಅರ್ಧ ಮಂದಿಗೆ ಲೆಕ್ಕ ಏರಿತ್ತು. ಜಪಾನ್, ಇಟಲಿಯಲ್ಲಿ ಫಲ ಚೆನ್ನಾಗಿತ್ತು. ಅಮೆರಿಕ, ಸ್ಪೇನಿನಲ್ಲಿ ಅಷ್ಟಕ್ಕಷ್ಟೆ. ಲೆಕ್ಕ ಮೂವತ್ತು ಸಾವಿರಕ್ಕಿಂತ ಕೆಳಗಿದ್ದವರಲ್ಲಿ ಗುಣ ಕಂಡವರು ಮೂರರಲ್ಲಿ ಒಬ್ಬರಷ್ಟೇ. ಬ್ಯಾಕ್ಟೀರಿಯಾದ ಒಂದು ಪ್ರೋಟೀನಿಗೂ ಪ್ಲೇಟ್‌ಲೆಟ್ ಮೈಮೇಲಿನ ಪ್ರೋಟೀನಿಗೂ ಹೋಲಿಕೆ ಇದ್ದು, ಒಂದಕ್ಕೆ ಹೂಡಿದ ಬಾಣ ಇನ್ನೊಂದಕ್ಕೆ ತಗಲುತ್ತದೆ ಎಂಬುದು ಒಂದು ವಿವರಣೆ. ಸೋಂಕಿನಿಂದಾಗಿ ಗುಲ್ಮದ ಭಕ್ಷಕ ಕೋಶಗಳು ಹೆಚ್ಚು ಹಸಿದಿರುತ್ತವೆ, ಸೋಂಕು ಹೋದರೆ ಹಸಿವು ಇಳಿಯುತ್ತದೆ ಎಂಬುದು ಇನ್ನೊಂದು.

ಇದನ್ನು ಓದಿ ಔಷಧ ಅಂಗಡಿಗೆ ಓಡುವ ಮುನ್ನ ಮೂರು ಮಾತು. ಭಾರತದ ವಯಸ್ಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಹೊಟ್ಟೆಯಲ್ಲಿ ಈ ಬ್ಯಾಕ್ಟೀರಿಯಾ ಮಗುವಾಗಿದ್ದಾಗಿನಿಂದಲೇ ಇದೆ, ಆದ್ದರಿಂದ ಅದು ಇದ್ದಮಾತ್ರಕ್ಕೆ ಐಟಿಪಿಗೆ ಅದೇ ಕಾರಣ ಎನ್ನಲಾಗದು. ಎರಡನೆಯದಾಗಿ, ಪೈಲೊರಿ ಇಲ್ಲದವರಿಗೆ ಅದೇ ಗುಳಿಗೆ ಕೊಟ್ಟರೆ ಲೆಕ್ಕ ಏರುವುದು ಅಪರೂಪ. ಆದುದರಿಂದ ಪರೀಕ್ಷೆ ಮೊದಲು, ಗುಳಿಗೆ ಆಮೇಲೆ. ಉಸಿರಿನ ಪರೀಕ್ಷೆ, ಮಲದ ಪರೀಕ್ಷೆ, ಎಂಡೋಸ್ಕೋಪಿಯಲ್ಲಿ ತೆಗೆದ ಚೂರಿನ ಪರೀಕ್ಷೆ ನಂಬುವಂಥವು. ಆದರೆ ಮನೆಯ ಡಬ್ಬಿಯಲ್ಲಿ ಸದಾ ಇರುವ ‘ಗ್ಯಾಸ್ ಗುಳಿಗೆ’, ಅಂದರೆ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಬಗೆಯವು, ಬ್ಯಾಕ್ಟೀರಿಯಾವನ್ನು ಅಡಗಿಸಿ ಪರೀಕ್ಷೆಯನ್ನೇ ಸುಳ್ಳಾಗಿಸುತ್ತವೆ. ಅವನ್ನು ಎರಡು ವಾರ, ಆ್ಯಂಟಿಬಯಾಟಿಕ್ ಅನ್ನು ನಾಲ್ಕು ವಾರ ಮೊದಲೇ ನಿಲ್ಲಿಸಿರಬೇಕು. ದಿನವೂ ಬೆಳಿಗ್ಗೆ ಗ್ಯಾಸ್ ಗುಳಿಗೆ ನುಂಗುವವರು ಅದನ್ನು ಔಷಧವೆಂದೇ ಲೆಕ್ಕಕ್ಕೆ ಹಿಡಿಯುವುದಿಲ್ಲ, ಡಾಕ್ಟರಿಗೆ ಹೇಳುವುದೂ ಇಲ್ಲ. ಮೂರನೆಯದು, ಚಿಕಿತ್ಸೆ ಅರೆಬರೆಯಾದರೆ ಕೆಲಸ ಕೆಟ್ಟಂತೆ. ಆಮ್ಲ ತಗ್ಗಿಸುವ ಗುಳಿಗೆಯ ಜೊತೆಗೆ ಎರಡು ಮೂರು ಬಗೆಯ ಔಷಧ ಸೇರಿಸಿ ಸಾಮಾನ್ಯವಾಗಿ 14 ದಿನ ಕೊಡುತ್ತಾರೆ. ಇವುಗಳಲ್ಲಿ ಹಿಂದಿನಿಂದ ಬಳಕೆಯಲ್ಲಿರುವ ಕ್ಲಾರಿಥ್ರೊಮೈಸಿನ್‌ಗೆ ಬಗ್ಗದ ಬ್ಯಾಕ್ಟೀರಿಯಾ ಈಗ ಹೆಚ್ಚುತ್ತಿದೆ. ಮುಗಿದು ನಾಲ್ಕು ವಾರ ಕಳೆದ ಮೇಲೆ ಮತ್ತೆ ಪರೀಕ್ಷಿಸಬೇಕು. ಪ್ಲೇಟ್‌ಲೆಟ್ ಏರುವುದಿದ್ದರೆ ಮುಂದಿನ ವಾರಗಳಲ್ಲಿ, ಕೆಲವರಿಗೆ ತಿಂಗಳುಗಳಲ್ಲಿ ಏರುತ್ತದೆ. ಮೂಗಿನಿಂದ ರಕ್ತ ಸುರಿಯುತ್ತಿರುವವರಿಗೆ ಇದು ತಕ್ಷಣದ ಮದ್ದಲ್ಲ; ಅವರಿಗೆ ಸ್ಟೀರಾಯ್ಡ್, ಇಮ್ಯುನೊಗ್ಲಾಬ್ಯುಲಿನ್ ಬೇಕು.

ಇಳಿಸುವ ಪ್ರಸಂಗ ಇದಕ್ಕಿಂತ ಅಪರೂಪ, ಆದರೆ ಹೆಚ್ಚು ಅಪಾಯದ್ದು. ಔಷಧದಿಂದ ಚುಕ್ಕೆ ಏಳುವುದನ್ನು 1865ರಲ್ಲಿ ಇಂಗ್ಲೆಂಡಿನ ವಿಪಾನ್ ಎಂಬ ವೈದ್ಯ ಕ್ವಿನೈನ್ ವಿಷಯದಲ್ಲಿ ಬರೆದಿದ್ದರು. ಇದರ ಒಳಗುಟ್ಟು ವಿಚಿತ್ರ. ಇಲ್ಲಿ ತಯಾರಾಗುವ ಪ್ರತಿಕಾಯ ಬರೀ ಪ್ಲೇಟ್‌ಲೆಟ್ಟನ್ನು ಹಿಡಿಯದು. ರಕ್ತದಲ್ಲಿ ಆ ಔಷಧ ಇದ್ದಾಗ ಮಾತ್ರ ಹಿಡಿಯುತ್ತದೆ. ಔಷಧ ನಡುವಿನ ಕೊಂಡಿ. ಕೊಂಡಿ ಕಳಚಿದರೆ ಹಿಡಿತವೂ ಇಲ್ಲ. ಐಟಿಪಿಯಲ್ಲಾದರೋ ಪ್ರತಿಕಾಯಕ್ಕೆ ಯಾವ ಕೊಂಡಿಯೂ ಬೇಡ.

ಹೀಗಾಗಿ ದಿನಗಳ ಲೆಕ್ಕ ಇಲ್ಲಿ ಸಾಕ್ಷಿ ನುಡಿಯುತ್ತದೆ. ಮೊದಲ ಸಲ ತೆಗೆದುಕೊಂಡ ಔಷಧಕ್ಕೆ ಪ್ರತಿಕಾಯ ಹುಟ್ಟಲು ಐದರಿಂದ ಹತ್ತು ದಿನ, ಕೆಲವೊಮ್ಮೆ ಎರಡು ವಾರ ಹಿಡಿಯುತ್ತದೆ. ಮೊನ್ನೆ ಶುರು ಮಾಡಿದ ಗುಳಿಗೆಗಿಂತ ಹತ್ತು ದಿನದ ಹಿಂದೆ ಶುರು ಮಾಡಿದ್ದರ ಮೇಲೆ ಅನುಮಾನ ಹೆಚ್ಚು. ಹಿಂದೊಮ್ಮೆ ಅದೇ ಔಷಧ ತೆಗೆದುಕೊಂಡಿದ್ದರೆ ಮಾತ್ರ ಗಂಟೆಗಳಲ್ಲೇ ಕುಸಿತ ಆಗಬಹುದು. ಇಳಿತವೂ ಸಣ್ಣದಲ್ಲ, 20,000ಕ್ಕಿಂತ ಕೆಳಗೆ ಹೋಗುವುದು ಸಾಮಾನ್ಯ. ಔಷಧ ನಿಲ್ಲಿಸಿ ಅದು ಮೈಯಿಂದ ಹೊರಹೋದ ಒಂದೆರಡು ದಿನದಲ್ಲಿ ಲೆಕ್ಕ ಏರತೊಡಗಿ, ವಾರದ ಹೊತ್ತಿಗೆ ಸರಿಯಾಗುತ್ತದೆ. ಐಟಿಪಿಗೆ ಇಂಥ ಶಿಸ್ತು ಇಲ್ಲ. ವರ್ಷಕ್ಕೆರಡು ಬಾರಿ ಏಕಾಏಕಿ ಲೆಕ್ಕ ಬಿದ್ದು ವಾರದಲ್ಲಿ ಪೂರ್ತಿ ಮೇಲೇಳುವವರಿಗೆ ಐಟಿಪಿ ಎಂಬ ಹಣೆಪಟ್ಟಿ ಅಂಟಿಸಿ ಸ್ಟೀರಾಯ್ಡ್ ಕೊಡುತ್ತಾ ಹೋಗುವುದು ನಡೆಯುತ್ತದೆ. ನಿಜ ನೋಡಿದರೆ ಪ್ರತಿ ಸಲವೂ ಅದರ ಹಿಂದೆ ಒಂದೇ ಗುಳಿಗೆ ಇದ್ದಿರುತ್ತದೆ.

ಈ ಪಟ್ಟಿಯಲ್ಲಿ ಮುಂಚೂಣಿಯಲ್ಲಿರುವುದು ಸಲ್ಫಾ ಬಗೆಯ ಕೋ-ಟ್ರೈಮಾಕ್ಸಜೋಲ್, ಹಳಬರ ಬಾಯಲ್ಲಿ ಸೆಪ್ಟ್ರಾನ್. ಆಸ್ಪತ್ರೆಯಲ್ಲಿ ನರಕ್ಕೆ ಕೊಡುವ ವ್ಯಾಂಕೊಮೈಸಿನ್, ಪಿಪೆರಾಸಿಲಿನ್, ಎಲ್ಲೆಡೆ ಬಳಕೆಯಲ್ಲಿರುವ ಸೆಫ್ಟ್ರಿಯಾಕ್ಸೋನ್ ಕೂಡ ಇದರಲ್ಲಿವೆ. ಇವನ್ನು ತೆಗೆದುಕೊಂಡ ಸಾವಿರಾರು ಮಂದಿಗೆ ಏನೂ ಆಗುವುದಿಲ್ಲ ಎಂಬುದನ್ನೂ ಕೂಡಲೇ ಸೇರಿಸಬೇಕು. ಐಟಿಪಿ ಇದ್ದವರು ಇಂಥದರಲ್ಲಿ ಒಂದನ್ನು ತೆಗೆದುಕೊಳ್ಳಬೇಕಾಗಿ ಬಂದರೆ ಐದು ದಿನ, ಹತ್ತು ದಿನದ ಹೊತ್ತಿಗೆ ಒಮ್ಮೊಮ್ಮೆ ರಕ್ತ ಪರೀಕ್ಷೆ ಮಾಡಿಸಿಕೊಂಡರೆ ಸಾಕು. ಮೊದಲೇ ಎರಡು ಲಕ್ಷ ಇದ್ದವರಿಗೆ ಐವತ್ತು ಸಾವಿರ ಕಡಿಮೆಯಾದರೆ ಗೊತ್ತೂ ಆಗದು. ನಲವತ್ತು ಸಾವಿರದಲ್ಲಿ ಸಂಸಾರ ಮಾಡುವವರ ಸ್ಥಿತಿ ಹಾಗಲ್ಲ.

ಕ್ಷಯದ ಔಷಧ ರಿಫಾಂಪಿಸಿನ್‌ಗೆ ಇಲ್ಲಿ ಬೇರೆಯೇ ಜಾಗ ಕೊಡಬೇಕು. ದಿನ ಬಿಟ್ಟು ದಿನ ಕೊಟ್ಟಾಗ, ಇಲ್ಲವೇ ರೋಗಿಯೇ ಬಿಟ್ಟು ಬಿಟ್ಟು ತೆಗೆದುಕೊಂಡಾಗ ಅದರಿಂದ ಪ್ಲೇಟ್‌ಲೆಟ್ ಕುಸಿಯುವ ಸಾಧ್ಯತೆ ಹೆಚ್ಚು ಎಂಬುದು ದಶಕಗಳ ಹಿಂದೆಯೇ ಗೊತ್ತಾಗಿತ್ತು. ದೇಶದ ಕ್ಷಯ ಕಾರ್ಯಕ್ರಮ ವಾರಕ್ಕೆ ಮೂರು ಸಲದ ಪದ್ಧತಿಯನ್ನು 2017ರಲ್ಲಿ ಕೈಬಿಟ್ಟು ದಿನವೂ ಗುಳಿಗೆ ಎಂದು ಬದಲಾಯಿಸಿತು. ಅದಕ್ಕೆ ಕಾರಣಗಳು ಬೇರೆ ಇದ್ದವು, ಆದರೆ ಈ ಲಾಭವೂ ಸೇರಿಕೊಂಡಿತು. ರಿಫಾಂಪಿಸಿನ್‌ಗೆ ಇನ್ನೊಂದು ಗುಣವಿದೆ: ಅದು ಯಕೃತ್ತನ್ನು ಚುರುಕುಗೊಳಿಸಿ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡನ್ನು ಬೇಗ ಬೇಗ ಕರಗಿಸಿಬಿಡುತ್ತದೆ. ಸ್ಟೀರಾಯ್ಡಿನ ಆಸರೆಯಲ್ಲಿ ಲೆಕ್ಕ ನಿಂತಿದ್ದ ಐಟಿಪಿ ರೋಗಿಗೆ ಕ್ಷಯ ಬಂದು, ಗುಳಿಗೆ ಶುರುವಾಗಿ, ಪ್ಲೇಟ್‌ಲೆಟ್ ಇಳಿದರೆ ಅಲ್ಲಿ ಎರಡು ಅನುಮಾನ ಎದ್ದುನಿಲ್ಲುತ್ತವೆ. ಆಸರೆ ಕರಗಿದ್ದರೆ ಸ್ಟೀರಾಯ್ಡಿನ ಪ್ರಮಾಣ ಹೆಚ್ಚಿಸಿದರೆ ಆಯಿತು. ರಿಫಾಂಪಿಸಿನ್‌ನಿಂದಲೇ ಪ್ರತಿಕಾಯ ಹುಟ್ಟಿದ್ದರೆ ಅದನ್ನು ನಿಲ್ಲಿಸಬೇಕು, ಮತ್ತೆಂದೂ ಕೊಡಕೂಡದು. ಒಂದೇ ಸಂಖ್ಯೆ, ತದ್ವಿರುದ್ಧ ತೀರ್ಮಾನ.

ಔಷಧಕ್ಕೆ ಬಗ್ಗದ ಕ್ಷಯಕ್ಕೆ ಕೊಡುವ ಲಿನೆಜೋಲಿಡ್‌ನ ದಾರಿ ಇನ್ನೊಂದು. ಅದು ಪ್ರತಿಕಾಯದ ಗೊಡವೆಗೆ ಹೋಗದೆ ಮಜ್ಜೆಯನ್ನೇ ಮಂಕಾಗಿಸುತ್ತದೆ. ಹತ್ತು ದಿನ, ಎರಡು ವಾರ ದಾಟಿದ ಮೇಲೆ ನಿಧಾನವಾಗಿ ಲೆಕ್ಕ ಇಳಿಯುತ್ತದೆ; ಕಿಡ್ನಿ ದುರ್ಬಲವಾದವರಲ್ಲಿ ಬೇಗ. ನಿಲ್ಲಿಸಿದರೆ ಮರಳಿ ಬರುತ್ತದೆ.

ಲೆಕ್ಕ ಹಾಗೇ ಇದ್ದು ಕೆಲಸ ಮಾತ್ರ ಕೆಡುವುದೂ ಉಂಟು. ಪೆನಿಸಿಲಿನ್ ಬಗೆಯ ಕೆಲವನ್ನು ಭಾರಿ ಪ್ರಮಾಣದಲ್ಲಿ ನರಕ್ಕೆ ಕೊಟ್ಟಾಗ ಪ್ಲೇಟ್‌ಲೆಟ್‌ಗಳ ಅಂಟಿಕೊಳ್ಳುವ ಶಕ್ತಿ ಕುಗ್ಗುತ್ತದೆ. ಆದರೆ ತಾಲ್ಲೂಕು ಮಟ್ಟದಲ್ಲಿ ಇದಕ್ಕಿಂತ ದೊಡ್ಡ ಸಮಸ್ಯೆ ಆ್ಯಂಟಿಬಯಾಟಿಕ್ ಜೊತೆ ಬರುವ ಸಂಗಾತಿಗಳದ್ದು. ಜ್ವರ ಎಂದೊಡನೆ ಗುಳಿಗೆಯ ಪೊಟ್ಟಣದಲ್ಲಿ ಡೈಕ್ಲೊಫೆನಾಕ್ ಅಥವಾ ಐಬುಪ್ರೊಫೆನ್ ಸೇರಿರುತ್ತದೆ, ಸೊಂಟಕ್ಕೊಂದು ಇಂಜೆಕ್ಷನ್ ಬೀಳುತ್ತದೆ. ಈ ನೋವಿನ ಗುಳಿಗೆಗಳು ಪ್ಲೇಟ್‌ಲೆಟ್‌ಗಳ ಕೈಕಟ್ಟುತ್ತವೆ. ಲೆಕ್ಕ ಕಡಿಮೆ ಇದ್ದವರ ಸ್ನಾಯುವಿಗೆ ಸೂಜಿ ಚುಚ್ಚಿದರೆ ಒಳಗೇ ರಕ್ತ ತುಂಬಿ ಗಡ್ಡೆಯಾಗುತ್ತದೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಹಿಂದೆ ತಪ್ಪೆಲ್ಲ ಆ್ಯಂಟಿಬಯಾಟಿಕ್‌ನದ್ದೇ ಎಂದು ದೂರಿದ ಎಷ್ಟೋ ರಕ್ತಸ್ರಾವಗಳಲ್ಲಿ ಈ ಸಂಗಾತಿಯ ಪಾಲೂ ಇದ್ದೀತು.

ಇಷ್ಟನ್ನು ಕೇಳಿ ಆ್ಯಂಟಿಬಯಾಟಿಕ್ಕೇ ಬೇಡ ಎಂದು ಹಟ ಹಿಡಿಯುವುದು ಇನ್ನೂ ಕೆಟ್ಟ ತೀರ್ಮಾನ. ಐಟಿಪಿಗೆ ಕೊಡುವ ಸ್ಟೀರಾಯ್ಡ್, ರಿಟುಕ್ಸಿಮ್ಯಾಬ್‌ಗಳು ಸೋಂಕಿಗೆ ಬಾಗಿಲು ತೆರೆದಿಡುತ್ತವೆ, ಸ್ಟೀರಾಯ್ಡ್ ಜ್ವರವನ್ನೂ ಮರೆಮಾಚುತ್ತದೆ. ಐಟಿಪಿಯ ಚಿಕಿತ್ಸೆಯೆಂದು ಗುಲ್ಮವನ್ನೇ ತೆಗೆಸಿಕೊಂಡವರಿಗೆ ನ್ಯೂಮೊಕಾಕಸ್‌ನಂಥ ಬ್ಯಾಕ್ಟೀರಿಯಾ ಹೊಕ್ಕರೆ ಗಂಟೆಗಳಲ್ಲಿ ಜೀವಕ್ಕೆ ಕುತ್ತು. ಅಂಥವರಿಗೆ ಚಳಿಜ್ವರ ಬಂದರೆ ರಾತ್ರಿ ಕಳೆಯಲಿ ಎಂದು ಕಾಯುವಂತಿಲ್ಲ. ರಾಣೆಬೆನ್ನೂರಿನವರು ದಾವಣಗೆರೆಗೆ, ಹಾವೇರಿಯವರು ಹುಬ್ಬಳ್ಳಿಗೆ ಹೊರಡುವ ಮುಂಚೆ ಹತ್ತಿರದ ದವಾಖಾನೆಯಲ್ಲಿ ಮೊದಲ ಡೋಸು ನರಕ್ಕೆ ಸೇರಿರಬೇಕು. ಗುಲ್ಮದ ಆಪರೇಷನ್‌ಗೆ ಮೊದಲೇ ಹಾಕಿಸಬೇಕಾದ ನ್ಯೂಮೊಕಾಕಸ್, ಮೆನಿಂಜೊಕಾಕಸ್, ಹಿಬ್ ಲಸಿಕೆಗಳ ಮಹತ್ವ ಇಂಥ ರಾತ್ರಿಗಳಲ್ಲಿ ಗೊತ್ತಾಗುತ್ತದೆ.

ಉಳಿದದ್ದು ಒಂದು ಸಣ್ಣ ಆಚಾರ. ಪ್ಲೇಟ್‌ಲೆಟ್ ಹೆಚ್ಚಿಸಲು ಎಲ್ಟ್ರೊಂಬೊಪ್ಯಾಗ್ ತೆಗೆದುಕೊಳ್ಳುವವರು ಅದನ್ನು ಹಾಲು, ಮೊಸರು, ಆ್ಯಂಟಾಸಿಡ್, ಕಬ್ಬಿಣದ ಗುಳಿಗೆಗಳಿಗೆ ಎರಡು ಗಂಟೆ ಮೊದಲು ಇಲ್ಲವೇ ನಾಲ್ಕು ಗಂಟೆ ನಂತರ ನುಂಗಬೇಕು. ಸಿಪ್ರೊಫ್ಲಾಕ್ಸಸಿನ್, ಡಾಕ್ಸಿಸೈಕ್ಲಿನ್‌ಗಳಿಗೂ ಹಾಲು, ಆ್ಯಂಟಾಸಿಡ್‌ಗೂ ಆಗಿಬರುವುದಿಲ್ಲ. ರೊಟ್ಟಿ ಊಟದ ಕೊನೆಗೆ ಮೊಸರು ಕಲಸಿಕೊಂಡು, ಅದರ ಮೇಲೇ ಎಲ್ಟ್ರೊಂಬೊಪ್ಯಾಗ್ ನುಂಗಿದರೆ ಲೆಕ್ಕ ಏರದಿರುವುದರಲ್ಲಿ ಔಷಧದ ತಪ್ಪೇನೂ ಇಲ್ಲ.

ಪ್ರಬಲ ಆ್ಯಂಟಿಬಯಾಟಿಕ್‌ಗಳಲ್ಲಿ ಹಲವು 2014ರ ಮಾರ್ಚ್‌ನಿಂದ ಎಚ್-1 ಎಂಬ ಪಟ್ಟಿಯಲ್ಲಿವೆ. ಅಂಗಡಿಯವರು ಡಾಕ್ಟರ ಚೀಟಿ ನೋಡಿಯೇ ಕೊಟ್ಟು, ಹೆಸರು ಬರೆದಿಟ್ಟು, ಆ ದಾಖಲೆಯನ್ನು ಮೂರು ವರ್ಷ ಕಾಪಾಡಬೇಕು. ಆದರೂ ಕತ್ತರಿಸಿ ಕೊಟ್ಟ ನಾಲ್ಕು ಗುಳಿಗೆಯ ತುಂಡಿನ ಮೇಲೆ ಔಷಧದ ಹೆಸರೇ ಇರುವುದಿಲ್ಲ. ಐಟಿಪಿ ಇರುವವರು ಹೆಸರು ಅಚ್ಚಾದ ಇಡೀ ಸ್ಟ್ರಿಪ್ಪನ್ನೇ ಕೇಳಿ ಪಡೆಯಲಿ, ಖಾಲಿಯಾದ ಮೇಲೂ ಅದನ್ನು ರಕ್ತದ ರಿಪೋರ್ಟಿನ ಫೈಲಿನಲ್ಲಿ ಇಟ್ಟುಕೊಳ್ಳಲಿ, ಶುರು ಮಾಡಿದ ತಾರೀಖನ್ನು ಅದರ ಬೆನ್ನ ಮೇಲೆ ಬರೆಯಲಿ. ಔಷಧದಿಂದ ಚುಕ್ಕೆ ಎದ್ದಿತೆಂಬ ಅನುಮಾನ ಬಂದರೆ ರೋಗಿಯೇ ನೇರವಾಗಿ ದೂರು ಕೊಡಬಹುದು. 2010ರಲ್ಲಿ ಆರಂಭವಾದ ಭಾರತೀಯ ಔಷಧ ನಿಗಾ ಕಾರ್ಯಕ್ರಮದ ಉಚಿತ ದೂರವಾಣಿ 1800-180-3024.